ಆಲೂಗಡ್ಡೆಯೊಳಗಿನ ಕಪ್ಪು

ಅಪೇಕ್ಷಾ ಬೆಳಿಗ್ಗೆ ಅಪ್ಪನ ಹೋಟೆಲಿನ ಅಡುಗೆಮನೆಗೆ ಓಡಿ ಬಂದಾಗ, ಅವಳ ಸ್ಟೀಲ್ ಡಬ್ಬವನ್ನು ತೊಳೆದು ಬೋರಲು ಹಾಕಿತ್ತು.

"ಮಾಪಣ್ಣಾ, ಇದರಲ್ಲಿದ್ದ ಆಲೂಗಡ್ಡೆ?"

"ಪಲ್ಯಕ್ಕ ಹಾಕೀನ್ರಿ ಅಕ್ಕಾರ," ಎಂದ ಅಡುಗೆಯ ಮಾಪಣ್ಣ, ದೋಸೆಕಲ್ಲಿಗೆ ನೀರು ಚಿಮುಕಿಸುತ್ತ.

ಅಪೇಕ್ಷಾ ಅಲ್ಲೇ ಈರುಳ್ಳಿ ಮೂಟೆಯ ಮೇಲೆ ಕುಸಿದು ಕೂತಳು.

ಅವಳು ಠಾಣೆಯ ಹತ್ತಿರದ ಮಹಾಪೆಯಲ್ಲಿ ಸಣ್ಣ ಕಂಪನಿಯೊಂದರ ಎಂಜಿನಿಯರ್. ಬಾಯಿಯ ಮೂಲಕ ಹೊಟ್ಟೆಗಿಳಿಸುವ ಎಂಡೋಸ್ಕೋಪಿನೊಳಗಿಂದ ಎರಡು ತೆಳು ಸೂಜಿಗಳನ್ನು ಕಳಿಸಿ, ಅಲ್ಲಿನ ಕ್ಯಾನ್ಸರ್ ಗಡ್ಡೆಗೆ ಚುಚ್ಚಿ, ಕ್ಷಣಮಾತ್ರದ ಜೋರು ಕರೆಂಟು ಹಾಯಿಸುವ ಉಪಕರಣ ಅವಳದು. ಹೊಟ್ಟೆ ಕೊಯ್ಯುವಂತಿಲ್ಲ, ಸುಡುವಂತಿಲ್ಲ. ಹೊಡೆತ ತಿಂದ ಜೀವಕೋಶಗಳು ತಾವಾಗಿ ಸಾಯಬೇಕು. ಸದ್ಯಕ್ಕೆ ಪರೀಕ್ಷೆಯೆಲ್ಲ ಆಲೂಗಡ್ಡೆಯ ಮೇಲೆ. ಕರೆಂಟು ತಾಗಿದಷ್ಟೇ ಜಾಗ ಕೆಲವು ಗಂಟೆಗಳಲ್ಲಿ ಕಪ್ಪಾಗುತ್ತದೆ. ಲ್ಯಾಬಿನಲ್ಲಿಟ್ಟರೆ ಇಲಿಗಳು ತಿಂದುಬಿಡುತ್ತವೆಂದು ನಿನ್ನೆ ಸಂಜೆ ಅವನ್ನು ಡೊಂಬಿವಲಿಯ ಮನೆಗೆಂದು ತಂದವಳು, ಹೋಟೆಲಿನಲ್ಲಿ ಕಾಫಿ ಕುಡಿದು ಡಬ್ಬ ಮರೆತು ಹೋಗಿದ್ದಳು. ಇವತ್ತು ಅವನ್ನು ನೋಡಲು ಠಾಣೆಯಿಂದ ಡಾಕ್ಟರ್ ಕಮಲಾಕ್ಷ ಬರುವವರಿದ್ದರು.

ಗಲ್ಲಾಪೆಟ್ಟಿಗೆಯ ಬಳಿಯಿಂದ ಎದ್ದು ಬಂದ ಅಪ್ಪ ರಘುಪತಿಯವರ ಮುಖ ಬಿಳಿಚಿತ್ತು. "ಎಂಥ ಮಗಾ, ಅದಕ್ಕೆ ಔಷಧಿ ಗಿಷಧಿ ಹಾಕಿದ್ದೀಯಾ? ಗಿರಾಕಿಗಳು ತಿನ್ಲಿಕ್ಕೆ ಸುರು ಮಾಡಿ ಆಗಿದೆ!"

"ಬರೀ ಕರೆಂಟು ಅಪ್ಪಾ. ಆದ್ರೂ ಆ ಪಲ್ಯ ಬೇಡ, ತೆಗೆಸಿಬಿಡಿ."

"ನನ್ನ ಮಾತ ಕೇಳ್ರಿ," ಎಂದು ಮಾಪಣ್ಣ ಸಿಡುಕಿದ. "ಹೊರಗ ಚಲೋ ಇದ್ವು, ಕೊಯ್ದ್ರ ಒಳಗ ಕರ್ರಗ! ಕೊಳತಾವ ಅಂತ ಅಷ್ಟು ಕೆತ್ತಿ ಒಗದೇನಿ."

ಅಪೇಕ್ಷಾ ಚಂಗನೆ ಎದ್ದಳು. "ಎಲ್ಲಿತ್ತು ಕಪ್ಪು? ನಡುವಿನಲ್ಲಾ?"

"ನಟ್ಟನಡುವ. ಗೋಲಿ ಗುಂಡಿನಂಗ."

ಅವಳು ಕರೆಂಟು ಹಾಯಿಸಿದ್ದು ಸರಿಯಾಗಿ ಅಲ್ಲಿಗೇ! ಮಾಪಣ್ಣನ ಕೈ ಹಿಡಿದು ಕುಲುಕಿದಳು. ಅವನು ರಘುಪತಿಯವರ ಮುಖ ನೋಡಿದ. ಅವರಿಗೂ ಏನೂ ಅರ್ಥವಾಗಿರಲಿಲ್ಲ. ಅವಳು ಹೊಸ ಆಲೂಗಡ್ಡೆಗಳನ್ನು ಚೀಲಕ್ಕೆ ತುಂಬಿಕೊಂಡು ರಿಕ್ಷಾ ಹತ್ತಿದಳು.

ಲ್ಯಾಬಿನಲ್ಲಿ ಡಾಕ್ಟರ್ ಕಮಲಾಕ್ಷ ಅವಳಿಗಿಂತ ಮೊದಲೇ ಬಂದು ಕೂತಿದ್ದರು. ಸುಳ್ಳು ಹೇಳಲು ಬಾರದೆ ಅವಳು ನಡೆದದ್ದನ್ನು ನಡೆದಂತೆ ಹೇಳಿದಳು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಪರವಾಗಿಲ್ಲಮ್ಮಾ, ಹೊಸದಾಗಿ ಮಾಡುವ. ಕಪ್ಪಾಗ್ಲಿಕ್ಕೆ ಎಷ್ಟು ಹೊತ್ತು ಬೇಕು?"

"ನಾಲ್ಕೈದು ಗಂಟೆ, ಸರ್."

"ಸಂಜೆವರೆಗೆ ನಾನು ಫ್ರೀ. ಕೊಡಿ, ನಾನೇ ನೋಡ್ತೇನೆ."

ಎಡಗೈಯಲ್ಲಿ ಎಂಡೋಸ್ಕೋಪಿನ ಗುಂಡಿಗಳಿರುವ ತಲೆ, ಬಲಗೈಯಲ್ಲಿ ಅದರ ನಳಿಕೆ ಹಿಡಿದುಕೊಂಡ ಅವರು ಸೂಜಿಗಳನ್ನು ಮುಂದೊತ್ತುವ ಉದ್ದನೆಯ ಹಿಡಿಯನ್ನು ನೋಡಿ ನಿಂತುಬಿಟ್ಟರು.

"ಇದನ್ನು ಒತ್ತುವುದು ಯಾವುದರಲ್ಲಿ? ನನಗೆ ಮೂರನೇ ಕೈ ಇಲ್ಲ."

"ನರ್ಸ್ ಒತ್ತಬಹುದಲ್ಲ ಸರ್?"

"ಅವರು ಒತ್ತಿದರೆ ಸೂಜಿ ಎಷ್ಟು ಆಳಕ್ಕೆ ಹೋಯ್ತು ಅಂತ ನನ್ನ ಬೆರಳಿಗೆ ಗೊತ್ತಾಗುವುದು ಹೇಗೆ?"

ಅಪೇಕ್ಷಾಳ ಕಿವಿ ಬಿಸಿಯಾಯಿತು. ಇಷ್ಟು ದಿನ ಸೂಜಿಯ ತುದಿಯನ್ನೇ ನೋಡುತ್ತ ಕೂತವಳಿಗೆ ಈ ತುದಿಯಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆಂಬುದೇ ಹೊಳೆದಿರಲಿಲ್ಲ. ಕಪ್ಪಾದ ಆಲೂಗಡ್ಡೆ ಸಿದ್ಧವಾಗಿದ್ದರೆ ಇವರು ನೋಡಿ, ಮೆಚ್ಚಿ, ಕೈಯಿಂದ ಮುಟ್ಟದೆಯೇ ಹೊರಟುಹೋಗುತ್ತಿದ್ದರು.

ಅವಳು ಹಿಡಿಯನ್ನು ಬಿಚ್ಚಿದಳು. ಉದ್ದ ಭಾಗವನ್ನು ಗರಗಸದಿಂದ ಕತ್ತರಿಸಿ, ಉಳಿದ ಮೋಟು ತುಂಡನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಂಡೋಸ್ಕೋಪಿಗೇ ಬಿಗಿದು, ಡಾಕ್ಟರರ ಹೆಬ್ಬೆರಳಿಗೆ ಸಿಗುವಂತೆ ಹಿಂದೆ ಮುಂದೆ ಸರಿಯುವ ಒಂದು ಗುಬುಟು ಕೂರಿಸಿದಳು. ಎರಡು ಸಲ ಜಾರಿತು. ಮೂರನೆಯ ಸಲ ಅವರ ಹೆಬ್ಬೆರಳು ಸರಿದಂತೆ ಸೂಜಿಗಳೂ ಮೆಲ್ಲನೆ ಸರಿದವು.

"ಹಾಂ, ಈಗ ತಿಳೀತದೆ," ಎಂದರು ಅವರು. ಸೂಜಿಗಳು ಹೊಸ ಆಲೂಗಡ್ಡೆಯ ನಡುವಿಗೆ ಇಳಿದವು, ಕರೆಂಟು ಹಾಯಿಸುವ ಯಂತ್ರ ಟಕ್ ಟಕ್ ಎಂದಿತು.

ಊಟಕ್ಕೆ ಹೋಗಿ ಬಂದು ಕಾದರು. ಸಂಜೆ ಅಪೇಕ್ಷಾ ಆಲೂಗಡ್ಡೆಯನ್ನು ಕೊಯ್ದಳು. ಬಿಳಿಯ ನಡುವೆ ಕಪ್ಪು, ಅಂಚಿನಲ್ಲಿ ಒಂದಿಷ್ಟೂ ಹರಡಿರಲಿಲ್ಲ. ಡಾಕ್ಟರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಹಿಡಿ ಸರಿಯಾಗಿ ಮಾಡಿ ಇಡಿ. ಪ್ರಾಣಿಗಳ ಮೇಲಿನ ಪರೀಕ್ಷೆ ಆಗುವಾಗ ಎಂಡೋಸ್ಕೋಪ್ ಹಿಡೀಲಿಕ್ಕೆ ನಾನೇ ಬರ್ತೇನೆ," ಎಂದರು.

ಅವರ ಕಾರು ಹೊರಟದ್ದೇ ತಡ, ಅಪೇಕ್ಷಾ ಮತ್ತೆ ಗರಗಸ ಕೈಗೆತ್ತಿಕೊಂಡಳು.