ಚಾಂದನ ಗೋದಾಮಿನ ಎರಡು ಚೀಲ

ಭೀಮಬಾಯಿಗೆ ಸಿಟ್ಟು ಬರುವುದು ಬಿಟ್ಟು ಬಹಳ ದಿನವಾಗಿತ್ತು. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಬುಧವಾರ ಮತ್ತು ಶನಿವಾರ, ವಾರಕ್ಕೆರಡು ಸಲ ಗಂಡ ಅಮೃತಪ್ಪನನ್ನು ಶಹಾಬಾದಿನಿಂದ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯಬೇಕು. ನಾಲ್ಕು ತಾಸು ಡಯಾಲಿಸಿಸ್ ಮಾಡಿಸಿ, ಬಸ್ಸಿನಲ್ಲಿ ಅವನ ತಲೆಯನ್ನು ಹೆಗಲಿಗೆ ಆನಿಸಿಕೊಂಡು ವಾಪಸು ಬರುವಷ್ಟರಲ್ಲಿ ಅವಳ ಜೀವ ಹಣ್ಣಾಗಿರುತ್ತಿತ್ತು. ಎರಡು ವರ್ಷದಿಂದ ಇದೇ ಪಾಡು. ಇದರೊಳಗೆ ಇದ್ದ ಒಂದೇ ಸಮಾಧಾನವೆಂದರೆ ಸರ್ಕಾರದ ಆರೋಗ್ಯ ಕಾರ್ಡು. ಅದನ್ನು ತೋರಿಸಿದರೆ ಆಸ್ಪತ್ರೆಯವರು ಪೈಸೆ ಕೇಳುತ್ತಿರಲಿಲ್ಲ.

ಆ ಕಾರ್ಡೇನು ಸುಮ್ಮನೆ ಬಂದದ್ದಲ್ಲ. ಅಮೃತಪ್ಪ ಇಪ್ಪತ್ತಾರು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿದವನು. ನೀರು, ಕಲ್ಲಿನ ರಾಡಿ, ಮಶೀನು ಮೂರೂ ಸೇರಿ ಅವನ ಬೆರಳ ಗೆರೆಗಳನ್ನು ತಿಂದು ಹಾಕಿದ್ದವು. ಬೆರಳಚ್ಚಿನ ಯಂತ್ರದ ಮೇಲೆ ಎಷ್ಟು ಒತ್ತಿದರೂ ಕೆಂಪು ದೀಪವೇ. ನಾಲ್ಕು ಸಲ ಅಲೆದಾಡಿಸಿ, ಕೊನೆಗೆ ಕಣ್ಣಿನ ಗುರುತು ಹಿಡಿದು ಕಾರ್ಡು ಕೊಟ್ಟಿದ್ದರು. "ಬೆರಳು ಹತ್ತದವ್ರು ಪ್ರತಿ ಸಲ ಅಸಲಿ ಕಾರ್ಡೇ ತರಬೇಕು ನೋಡ್ರಿ. ಕಳಕೋಬ್ಯಾಡ್ರಿ," ಎಂದು ಹೇಳಿಯೂ ಇದ್ದರು. ಭೀಮಬಾಯಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟದ ಸಂಚಿಯಲ್ಲಿ ಇಟ್ಟುಕೊಂಡಿದ್ದಳು. ನಿದ್ದೆಗಣ್ಣಲ್ಲೂ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅಂಥದ್ದನ್ನು ತನ್ನ ಕೈಯಾರೆ ಎತ್ತಿ ಕೊಟ್ಟಳು. ಯಾರಿಗೆ? ಒಡಹುಟ್ಟಿದ ತಮ್ಮ ಬೀರೇಶನಿಗೆ.

ಆದದ್ದು ಇಷ್ಟು. ಕಾರ್ಡಿನ ಖರ್ಚಿನಲ್ಲಿ ದಿಲ್ಲಿಯದೊಂದು ಪಾಲು, ಬೆಂಗಳೂರಿನದೊಂದು ಪಾಲು. ದಿಲ್ಲಿಯವರು ಪಾಲು ಕೊಟ್ಟಿಲ್ಲ ಎಂದು ಇವರು, ಕೊಟ್ಟದ್ದಕ್ಕೇ ಲೆಕ್ಕ ತೋರಿಸಿಲ್ಲ ಎಂದು ಅವರು. ಟಿವಿಯಲ್ಲಿ ಇಬ್ಬರೂ ಕೂಗಾಡಿದ್ದೇ ಕೂಗಾಡಿದ್ದು. ಬರುವ ತಿಂಗಳು ಒಂದನೇ ತಾರೀಖಿನಿಂದ ಕಾರ್ಡು ನಡೆಯುವುದಿಲ್ಲ ಎಂದು ಆಸ್ಪತ್ರೆಯ ಬಾಗಿಲಿಗೆ ಚೀಟಿ ಬಿತ್ತು. ಎದುರು ಪಾರ್ಟಿಯವರು ಪಕ್ಕದೂರು ವಾಡಿಯಲ್ಲಿ 'ಕಾರ್ಡ್ ವಾಪಸಿ' ಚಳವಳಿ ಮಾಡಿ, ಜನರ ಕಾರ್ಡುಗಳನ್ನು ಚೀಲಕ್ಕೆ ತುಂಬಿ ಬೆಂಗಳೂರಿಗೆ ಕಳಿಸುತ್ತೇವೆಂದರು. ಬೀರೇಶನ ಪಾರ್ಟಿಯವರು ಸುಮ್ಮನಿರುತ್ತಾರೆಯೇ? ವಾರ ತಿರುಗುವುದರೊಳಗೆ ಶಹಾಬಾದಿನಲ್ಲೂ ಅದೇ ಚಳವಳಿ. ಚೀಲ ಮಾತ್ರ ದಿಲ್ಲಿಗೆ.

"ಅಕ್ಕಾ, ನಮ್ಮ ವಾರ್ಡಿನಿಂದ ನೂರು ಕಾರ್ಡ್ ತರ್ತೀನಂತ ಲೀಡರ್‌ಗ ಮಾತು ಕೊಟ್ಟೀನಿ. ತೊಂಬತ್ತೊಂಬತ್ತು ಆಗ್ಯಾವ," ಎಂದು ಬೀರೇಶ ಅಡುಗೆಮನೆಯ ಹೊಸ್ತಿಲಲ್ಲಿ ಕೂತ.

"ಶನಿವಾರ ನಿಮ್ಮ ಮಾಮಾಗ ಬೇಕಲ್ಲೋ."

"ಫೋನಿನ್ಯಾಗ ಫೋಟೋ ಹೊಡ್ಕೊಂಡು ಕೊಡ್ತೀನಿ. ನಂಬರ್ ತೋರಿಸಿದ್ರ ಸಾಕು. ಎಲ್ಲಾರ್ದೂ ಹಂಗೇ ನಡ್ಯಾಕತ್ತದ. ನನ್ನ ಮಾರಿ ನೋಡಿ ಕೊಡಕ್ಕಾ."

ಎಲ್ಲರದೂ ನಡೆಯುತ್ತಿತ್ತು, ಬೆರಳಲ್ಲಿ ಗೆರೆ ಇದ್ದವರದು. ಅವನಿಗೆ ಅದು ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು. ಆದರೂ ತಮ್ಮನ ಮುಖ ನೋಡಿದಳು. ಎಂಟು ವರ್ಷ ಕೆಲಸವಿಲ್ಲದೆ ತಿರುಗಿ, ಈಗೀಗ ಬಿಳಿ ಅಂಗಿ ತೊಟ್ಟು ನಾಲ್ಕು ಜನರ ನಡುವೆ ನಿಲ್ಲುತ್ತಿದ್ದವನು. ಒಂದು ಕಾರ್ಡಿಗೋಸ್ಕರ ಅವನು ತಲೆ ತಗ್ಗಿಸಬೇಕೇ ಅನ್ನಿಸಿತು. ಕೊಟ್ಟುಬಿಟ್ಟಳು.

ಶನಿವಾರ ಆಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಫೋಟೋ ನೋಡಿ ಫೋನು ವಾಪಸು ಕೊಟ್ಟಳು. "ನಡ್ಯಂಗಿಲ್ರಿ ಅಮ್ಮಾ. ಬೆರಳು ಹತ್ತಂಗಿಲ್ಲ, ಅಸಲಿ ಕಾರ್ಡಿಲ್ಲ, ನಾ ಏನ್ ಮಾಡ್ಲಿ? ಹೊಸಾದು ಬರ್ಲಿಕ್ಕ ಹದಿನೈದು ದಿನಾ ಬೇಕು." ಹದಿನೈದು ದಿನ ಬದುಕಿರಲಿಕ್ಕೆ ಅಮೃತಪ್ಪನಿಗೆ ಏನು ಮಾಡಬೇಕೆಂದು ಅವಳು ಹೇಳಲಿಲ್ಲ. ಅಮೃತಪ್ಪ ಹೆಂಡತಿಯ ಹೆಗಲು ಹಿಡಿದುಕೊಂಡ. "ನಡಿ, ಮನಿಗಿ ಹೋಗಮು," ಎಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹೊರಡುವಾಗ ಭೀಮಬಾಯಿ ಒಳಗೆ ಇಣುಕಿದಳು. ಕಿಟಕಿ ಪಕ್ಕದ ಹಾಸಿಗೆ ಖಾಲಿ ಇತ್ತು. ಅದು ವಾಡಿಯ ತಾಜುನ್ನಿಸಾಳದು. ಅಮೃತಪ್ಪ ಪಾಲಿಶ್ ಹಿಡಿದ ಕಾರ್ಖಾನೆಯಲ್ಲೇ ಕಲ್ಲು ತೊಳೆದವಳು ಅವಳು. ಅವಳ ಬೆರಳಿಗೂ ಕೆಂಪು ದೀಪವೇ ಹತ್ತುತ್ತಿತ್ತು. ಎರಡು ವರ್ಷದಿಂದ ಇವರಿಬ್ಬರದೂ ಒಂದೇ ಪಾಳಿ. ಹೋದ ಶನಿವಾರವೂ ಕಂಡಿರಲಿಲ್ಲ, ಬುಧವಾರವೂ ಇಲ್ಲ. ಚಿಂಚೋಳಿಗೆ ಮಗಳ ಮನೆಗೆ ಹೋಗಿರಬೇಕು ಎಂದುಕೊಂಡಳು.

ಭಾನುವಾರ ಅಮೃತಪ್ಪನ ಕಾಲು ಬಾತವು. ಸಂಜೆಗೆ ಮಲಗಿದರೆ ಉಸಿರು ಸಿಗದು, ಕೂತೇ ಇದ್ದ. ಬೀರೇಶನಿಗೆ ಹತ್ತು ಸಲ ಫೋನು ಹಚ್ಚಿದಳು, ಎತ್ತಲಿಲ್ಲ. ಅತ್ತ ಬಜಾರಿನಲ್ಲಿ ಪಟಾಕಿ ಹಾರುತ್ತಿದ್ದವು. ದಿಲ್ಲಿಯವರೂ ಬೆಂಗಳೂರಿನವರೂ ರಾಜಿಯಾಗಿದ್ದರು, ಮೂರು ತಿಂಗಳು ಕಾರ್ಡು ನಡೆಯುತ್ತದಂತೆ. ಗೆದ್ದದ್ದು ನಾವೇ ಎಂದು ಎರಡೂ ಪಾರ್ಟಿಯವರು ಪೇಢೆ ಹಂಚಿದರು.

ಸೋಮವಾರ ಬೆಳಿಗ್ಗೆ ಅಮೃತಪ್ಪನ ಬಳಿ ಪಕ್ಕದ ಮನೆಯವರನ್ನು ಕೂರಿಸಿ ಅವಳು ಪಾರ್ಟಿ ಆಫೀಸಿಗೆ ನಡೆದಳು. ಬೀಗ ಹಾಕಿತ್ತು. ಎದುರಿನ ಚಹಾದಂಗಡಿಯವ ಚಾಂದನ ಗೋದಾಮಿಗೆ ಹೋಗಿ ನೋಡಿರೆಂದ. ಚಾಂದ ಶಾಮಿಯಾನ, ಕುರ್ಚಿ, ಮೈಕು ಬಾಡಿಗೆ ಕೊಡುವವನು. ಶಹಾಬಾದಿರಲಿ, ವಾಡಿಯಿರಲಿ, ಯಾವ ಪಾರ್ಟಿಯ ಸಭೆಯಾದರೂ ಅವನದೇ ಕುರ್ಚಿ.

"ಬರ್ರಿ ಅಕ್ಕಾ, ಕುಂದ್ರಿ," ಎಂದ ಚಾಂದ. ಅವಳು ಕಾರ್ಡಿನ ಚೀಲ ಕೇಳಿದ ಮೇಲೆ ಗದ್ದ ಕೆರೆದುಕೊಂಡ. "ದಿಲ್ಲಿ ಚೀಲಾ ಬೇಕೋ, ಬೆಂಗಳೂರು ಚೀಲಾ ಬೇಕೋ? ಎರಡೂ ಇಲ್ಲೇ ಅವ. ಕುರ್ಚಿ ಜೋಡಿ ಗಾಡ್ಯಾಗ ಬಂದ್ವು. ಒಯ್ತೀವಂದ್ರು, ಯಾರೂ ಬರ್ಲಿಲ್ಲ."

ಕುರ್ಚಿಗಳ ಹಿಂದೆ ಎರಡು ಗೋಣಿಚೀಲ ಒಂದಕ್ಕೊಂದು ಒರಗಿಕೊಂಡು ಕೂತಿದ್ದವು. ಟಿವಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರ ಚೀಲಗಳು. ಭೀಮಬಾಯಿ ದಿಲ್ಲಿಗೆಂದು ಕಟ್ಟಿದ್ದ ಶಹಾಬಾದಿನ ಚೀಲ ಯಾವುದೆಂದು ಕೇಳಿ, ಸುರುವಿ ನೆಲಕ್ಕೆ ಕೂತಳು. ಅವಳಿಗೆ ಓದಲಿಕ್ಕೆ ಬರುತ್ತಿರಲಿಲ್ಲ, ಮುಖ ನೋಡಿ ನೋಡಿ ಪಕ್ಕಕ್ಕಿಡುತ್ತಾ ಹೋದಳು. ಚಾಂದನೂ ಕೈ ಹಚ್ಚಿದ. ತಾಸೊಪ್ಪತ್ತಿನ ಮೇಲೆ ಅಮೃತಪ್ಪ ಸಿಕ್ಕ, ಅರ್ಧ ಕಣ್ಣು ಮುಚ್ಚಿದ ಅದೇ ಫೋಟೋ. ಅದನ್ನು ಎದೆಗೆ ಒತ್ತಿಕೊಂಡು ಭೀಮಬಾಯಿ ಅತ್ತಳು. ಕಾರ್ಡು ಸಿಕ್ಕಿದ್ದಕ್ಕಲ್ಲ, ತಾನೇ ಕೊಟ್ಟಿದ್ದಳಲ್ಲ ಎಂದು.

ಏಳುವಾಗ ಕಾಲು ತಗುಲಿ ವಾಡಿಯ ಚೀಲ ಉರುಳಿತು. ಹೊರಗೆ ಬಿದ್ದ ಕಾರ್ಡುಗಳಲ್ಲಿ ತಲೆ ತುಂಬ ಸೆರಗು ಹೊದ್ದ ತಾಜುನ್ನಿಸಾಳ ಮುಖವೊಂದಿತ್ತು. ಚಿಂಚೋಳಿಯೂ ಇಲ್ಲ, ಮಗಳ ಮನೆಯೂ ಇಲ್ಲ ಎಂದು ಭೀಮಬಾಯಿಗೆ ಆಗ ತಿಳಿಯಿತು. ಅದನ್ನೂ ಸಂಚಿಗೆ ಹಾಕಿಕೊಂಡಳು. ಆಸ್ಪತ್ರೆಯಲ್ಲಿ ಕೊಟ್ಟರೆ ಅವರೇ ಫೋನು ಮಾಡಿ ಕರೆಸುತ್ತಾರೆ.

ಮಧ್ಯಾಹ್ನ ಕೌಂಟರಿನಲ್ಲಿ ಅಮೃತಪ್ಪನ ಕಾರ್ಡು ನಡೆಯಿತು. ಸ್ಥಿತಿ ನೋಡಿ ಪಾಳಿ ಇಲ್ಲದಿದ್ದರೂ ಒಳಗೆ ತೆಗೆದುಕೊಂಡರು. ಕಿಟಕಿ ಪಕ್ಕದ ಹಾಸಿಗೆಗೇ ಮಲಗಿಸಿದರು.

"ಇದು ತಾಜುನ್ನಿಸಾಂದು ಅಲ್ರಿ? ಆಕಿ ಕಾರ್ಡ್ ತಂದೀನಿ," ಎಂದಳು ಭೀಮಬಾಯಿ.

ನರ್ಸು ಸೂಜಿ ಚುಚ್ಚುವುದು ಮುಗಿಸಿ ತಲೆ ಎತ್ತಿದಳು. "ಕಾರ್ಡಿಲ್ಲಂತ ಎರಡು ಸಲ ತಿರುಗಿ ಹೋದ್ರಮ್ಮಾ. ಮೂರನೇ ಸಲ ಬರ್ಲೇ ಇಲ್ಲ. ನಿನ್ನಿ ತೀರ್ಕೊಂಡ್ರಂತ."

ಮಶೀನು ತನ್ನಷ್ಟಕ್ಕೆ ತಿರುಗತೊಡಗಿತು. ಅಮೃತಪ್ಪನಿಗೆ ನಿದ್ದೆ ಹತ್ತಿತು. ಭೀಮಬಾಯಿ ಅವನ ಕಾಲ ಬಳಿ ಕೂತಳು. ಬದುಕಿದನಲ್ಲ ಎಂಬ ಸಂತೋಷ ಎದೆಯೊಳಗೆ ಬಂತು, ಅದಕ್ಕೆ ಅವಳಿಗೇ ನಾಚಿಕೆಯಾಯಿತು.

ಆಗ ಬೀರೇಶನ ಫೋನು ಬಂತು. "ಅಕ್ಕಾ, ನಿನ್ನಿ ಗದ್ದಲದಾಗಿದ್ದೆ. ನಾಳಿ ವಿಜಯೋತ್ಸವ ಅದ. ಕಾರ್ಡಿನ ಪೇಷಂಟ್‌ಗೋಳಿಗಿ ಸ್ಟೇಜಿನ ಮ್ಯಾಲ ಕುಂದ್ರಿಸಿ ಶಾಲು ಹೊಚ್ಚಿ ಸನ್ಮಾನ ಮಾಡ್ತೀವಿ. ಮಾಮಾಗ ಕರ್ಕೊಂಡು ಬಾ."

"ಅವರಿಗಿ ಏಳ್ಲಿಕ್ಕ ಆಗಂಗಿಲ್ಲ," ಎಂದಳು ಭೀಮಬಾಯಿ. "ತಾಜುನ್ನಿಸಾನ ಕಾರ್ಡ್ ನನ್ನ ಬಲ್ಲಿ ಅದ. ಬಂದು ಒಯ್ಯಿ. ಕುರ್ಚಿ ಮ್ಯಾಲ ಇಟ್ಟು ಅದಕ್ಕ ಶಾಲು ಹೊಚ್ರಿ."

"ತಾಜುನ್ನಿಸಾ ಯಾರಕ್ಕಾ? ನಮ್ಮ ಕಡಿಯಾಕಿಯೇನು?"

"ಅಲ್ಲಪ್ಪಾ," ಎಂದಳು. "ಇನ್ನೊಂದು ಚೀಲದಾಕಿ."