ಹತ್ತು ಮೊನೆಯ ನಕ್ಷತ್ರ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಸೆಲ್ಲಪ್ಪನ್ ಮೇಸ್ತ್ರಿಯ ಕೈ ಅಲ್ಲಿಗೇ ನಿಂತಿತು. ಪಳ್ಳಿವಾಸಲ್ ಎಂದೇ ಎಲ್ಲರೂ ಕರೆಯುವ ಹಳೆಯ ಮಸೀದಿಯ ಹಿರಿಯರಾದ ಕಾದರ್ ರಾವುತ್ತರ್, ಸತ್ತ ಬೆಳ್ಳಿಯಪ್ಪನ ಕಡೆ ನೋಡುವುದಕ್ಕೂ ಮೊದಲೇ ಮೇಸ್ತ್ರಿಯ ಕೈ ಹಿಡಿದುಕೊಂಡಿದ್ದರು.

“ಐನೂರು ವರ್ಷದ ಪಳ್ಳಿವಾಸಲ್ ಕಿಟಕೀನ ಉಳಿಸ್ದೋರು ನೀವು ಮೇಸ್ತ್ರಿ. ನಿಮ್ ಸ್ನೇಹ ಸಿಕ್ಕಿದ್ದೇ ಬೆಳ್ಳಿಯಪ್ಪನ ಪುಣ್ಯ.”

ಬೇರೆ ದಿನವಾಗಿದ್ದರೆ ಸೆಲ್ಲಪ್ಪನ್ ಆ ಐನೂರನ್ನು ಎರಡು ಸಾವಿರ ಮಾಡುತ್ತಿದ್ದ. ಅವನು ಬಾಯಿ ತೆರೆದರೆ ಪಲ್ಲಡಂ ಪಟ್ಟಣದ ಪವರ್‌ಲೂಮ್‌ಗಳೆಲ್ಲ ನಾಚಿ ಸದ್ದಡಗಿಸುತ್ತಿದ್ದವು. ಅವನೇ ಆಣೆ ಇಟ್ಟು ಹೇಳುವಂತೆ, ಅವನು ಕಟ್ಟಿದ ಶೆಡ್ಡಿನಲ್ಲಿ ಕೋಳಿ ದಿನಕ್ಕೆ ಮೂರು ಮೊಟ್ಟೆ ಇಡುತ್ತಿತ್ತು. ಇವತ್ತು ಆ ಬಾಯಲ್ಲಿ ನಿಜವೊಂದು ಬಾಕಿ ಇತ್ತು. ಚಟ್ಟ ಏಳುವುದರೊಳಗೆ ಹೇಳಿಬಿಡಬೇಕು. ಆಮೇಲೆ ಹೇಳಿದರೆ ಆ ಹೆಸರನ್ನು ಯಾರಿಗೆ ಕೊಟ್ಟಂತೆ?

*

ಎಂಬತ್ತಮೂರನೇ ಇಸವಿಯಲ್ಲಿ ಮಸೀದಿಯ ಕಲ್ಲಿನ ಜಾಲಂಧ್ರದ ಕಿಟಕಿಯೊಂದು ಒಡೆದಿತ್ತು. ನಕ್ಷತ್ರದೊಳಗೆ ನಕ್ಷತ್ರ, ಬಳ್ಳಿಯೊಳಗೆ ಬಳ್ಳಿ. ದಿಟ್ಟಿಸಿದರೆ ಆನೆಗೂ ತಲೆ ತಿರುಗಬೇಕು. ಸರಿಪಡಿಸಲು ಒಪ್ಪಿಕೊಂಡ ಸೆಲ್ಲಪ್ಪನ್ ಎಂಟು ಮೊನೆಯ ನಕ್ಷತ್ರ ಕೆತ್ತಿದ. ಅಕ್ಕಪಕ್ಕದ ಗೆರೆಗೆ ಅದು ಹೊಂದಲೇ ಇಲ್ಲ. ಮೂರು ಕಲ್ಲು ಹಾಳಾದವು.

ಕೊನೆಗೆ ಯಾರಿಗೂ ತಿಳಿಯದಂತೆ ಬೆಳ್ಳಿಯಪ್ಪನನ್ನು ಕರೆದೊಯ್ದ. ಚೌಕುಳಿ ಕಾಗದದ ಮೇಲೆ ಸೀರೆಯಂಚು ಬರೆಯುವ ನೇಕಾರ ಅವನು.

“ಇದು ನಮ್ ಚೌಕಕ್ಕೆ ಸಿಕ್ಕೋದಲ್ಲ ಸೆಲ್ಲಪ್ಪಣ್ಣ. ಎಂಟಲ್ಲ, ಹತ್ತು ಮೊನೆ. ಎಣ್ಸು!”

ಬೆಳ್ಳಿಯಪ್ಪ ನೆಲಕ್ಕೆ ಮೊಳೆ ಹೊಡೆದು, ಮಗ್ಗದ ನೂಲನ್ನು ಮೊಳೆಯಿಂದ ಮೊಳೆಗೆ ಎಳೆದ. ಸಂಜೆಯ ಹೊತ್ತಿಗೆ ಅಲ್ಲೊಂದು ನೂಲಿನ ಆಕಾಶವೇ ಇಳಿದಿತ್ತು. ಸೆಲ್ಲಪ್ಪನ್ ಅದರಂತೆ ಕಲ್ಲು ಕೊರೆದ.

ಸನ್ಮಾನದ ದಿನ ರಾವುತ್ತರ್ “ಈ ಲೆಕ್ಕ ಯಾರದು?” ಎಂದಾಗ, “ಕನಸಲ್ಲಿ ಬಂತು,” ಎಂದುಬಿಟ್ಟ. ಗುಂಪಿನಲ್ಲಿದ್ದ ಬೆಳ್ಳಿಯಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

*

“ರಾವುತ್ತರೇ, ಆ ನಕ್ಷತ್ರ ನಂದಲ್ಲ. ಲೆಕ್ಕ ಹಾಕ್ದೋನು ಇಗೋ, ಇವ್ನು.”

ಜಗಲಿಯ ಮೇಲಿನ ದೇಹವನ್ನು ತೋರಿಸಿದ. ಅಂಗಳದವರೆಲ್ಲ ಇತ್ತ ತಿರುಗಿದರು. ಆಮೇಲೆ ಸತ್ತವನ ಸೋದರಳಿಯ ಶಣ್ಮುಗಂ ಕಣ್ಣೊರೆಸಿಕೊಂಡ. “ಎಂಥ ಮನ್ಸು ನೋಡಿ! ಹೋದೋರಿಗೆ ತನ್ ಹೆಸ್ರನ್ನೇ ಕೊಡ್ತವ್ರೆ.”

“ನಿಜ ಕಣೋ! ಚೌಡಮ್ಮನಾಣೆ!”

“ಕೋಳಿಮೊಟ್ಟೆಗೂ ಅದೇ ಆಣೆ ಇಟ್ಟಿದ್ರಿ ಮಾಮ.”

ಸೆಲ್ಲಪ್ಪನ್ ಬೆಳ್ಳಿಯಪ್ಪನ ಹೆಂಡತಿಯ ಕಡೆ ತಿರುಗಿದ. “ನಾಚಿಯಮ್ಮ, ನೀನಾದ್ರೂ ಹೇಳು ತಾಯಿ.”

“ಅವ್ರು ಮನೇಲಿ ಒಂದಿನಾನೂ ಅಂಗಂದಿಲ್ಲ ಅಣ್ಣ. ‘ಸೆಲ್ಲಪ್ಪಣ್ಣನ ಕೈ ನೋಡು’ ಅಂತ ಮೂರು ಸಲ ಕರ್ಕೊಂಡೋಗಿ ಆ ಕಿಟಕೀನ ತೋರ್ಸಿದ್ರು.”

ಸೆಲ್ಲಪ್ಪನ್ ಅರ್ಧಕ್ಕೆ ಬಿಟ್ಟಿದ್ದ ಹಗ್ಗವನ್ನು ಬಿಗಿದು ಮುಗಿಸಿದ.

“ಮುಂದಿನ ಹೆಗಲು ಮೇಸ್ತ್ರೀದೇ,” ಎಂದರು ರಾವುತ್ತರ್. ಜನ ದಾರಿ ಬಿಟ್ಟರು.

ಬೀದಿ ತಿರುಗುವಲ್ಲಿ ಸೆಲ್ಲಪ್ಪನ್‌ನ ಕಾಲು ಕಲ್ಲಿಗೆ ಎಡವಿ, ಚಟ್ಟದ ಆ ಮೂಲೆ ವಾಲಿತು. ಬೆಳ್ಳಿಯಪ್ಪನ ಎದೆಯ ಮೇಲಿದ್ದ ಸಂಪಿಗೆ ಹಾರ ಜಾರಿ ಬಂದು ಮೇಸ್ತ್ರಿಯ ಕೊರಳಿಗೇ ಬಿತ್ತು. ಎರಡೂ ಕೈ ಬಿದಿರನ್ನು ಹಿಡಿದಿದ್ದವು. ತೆಗೆಯಲು ಮೂರನೆಯ ಕೈ ಇರಲಿಲ್ಲ.