ಗುಂಡಿ ಹೊಲಿದವಳು

“ಸತ್ತುಹೋಗಿದಾಳೆ. ಅನುಮಾನವೇ ಇಲ್ಲ,” ಅಂದರು ಹಲ್ಲಿನ ಡಾಕ್ಟರು, ಈ ಹಲ್ಲು ಕೀಳಲೇಬೇಕು ಎನ್ನುವ ದನಿಯಲ್ಲಿ.

ಅಧ್ಯಾಪಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಾನು ಬಾಯಿ ತೆರೆಯುವ ಮೊದಲೇ ತನ್ನ ಮಾತು ಇನ್ನೊಬ್ಬರ ಬಾಯಿಂದ ಬಂದಿತ್ತು. ಬರದೆ ಏನು? ಇವತ್ತು ಚರ್ಚೆಗಿದ್ದ ಕಥೆಯ ಮೇಲೆ ಅವನು ಬರೆದ ಪುಸ್ತಕ ಇದೇ ಗ್ರಂಥಾಲಯದಲ್ಲಿ ಮೂರು ಪ್ರತಿ ಇತ್ತು. ಹೋದ ವಾರ ಡಾಕ್ಟರು ಅದರಲ್ಲೊಂದನ್ನು ಒಯ್ದದ್ದು ಅವನಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಹದಿನಾಲ್ಕು ಕುರ್ಚಿ ದುಂಡಗೆ ಹಾಕಿದ್ದರು. ತಿಂಗಳಿಗೊಮ್ಮೆ ಸೇರುವ ಓದುಗರ ಕೂಟ. ಪ್ರತಿಯೊಬ್ಬರ ತೊಡೆಯ ಮೇಲೂ ಅದೇ ಹಳೆಯ ಕಥೆಯ ಜೆರಾಕ್ಸ್ ಪ್ರತಿ. ಅಧ್ಯಾಪಕ ಮಾತ್ರ ಪ್ರತಿ ತಂದಿರಲಿಲ್ಲ. ಅವನಿಗೆ ಕಥೆ ಬಾಯಿಪಾಠ.

ನಾಲ್ಕೇ ಪುಟದ ಕಥೆ. ಒಬ್ಬ ಗುಮಾಸ್ತ. ಸಂಜೆ ಮನೆಗೆ ಬಂದು ಆ ದಿನ ನಡೆದದ್ದನ್ನೆಲ್ಲ ಹೆಂಡತಿಗೆ ಒಪ್ಪಿಸುತ್ತಾನೆ. ಮಲಗುತ್ತಾನೆ, ಏಳುತ್ತಾನೆ, ಕಚೇರಿಗೆ ಹೋಗುತ್ತಾನೆ, ಮರುದಿನ ಸಂಜೆ ಮತ್ತೆ ಬಂದು ಒಪ್ಪಿಸುತ್ತಾನೆ. ಹೊಸ ಪೆನ್ಸಿಲು ಕೆತ್ತಿದ್ದನ್ನೂ ಬಿಡುವುದಿಲ್ಲ. ಹೆಂಡತಿ ಮಾತ್ರ ಒಂದಕ್ಷರ ಆಡುವುದಿಲ್ಲ. ಅವಳು ಎಲ್ಲಿ ಕೂತಿದ್ದಾಳೆ, ಹೇಗಿದ್ದಾಳೆ ಎಂದು ಲೇಖಕನೂ ಹೇಳುವುದಿಲ್ಲ. ಕಡೆಯಲ್ಲಿ ಗುಮಾಸ್ತ, “ನೀನೇನಂತೀಯ?” ಎಂದು ಕೇಳುತ್ತಾನೆ. ಅದಾದ ಮೇಲೆ ಒಂದೇ ಸಾಲು: ಹೊರಗೆ ಗಾಳಿ ನಿಂತಿತ್ತು. ಅಷ್ಟೆ, ಕಥೆ ಮುಗಿಯಿತು.

ಆ ನಿಂತ ಗಾಳಿಯೇ ಅಧ್ಯಾಪಕನ ಬಂಡವಾಳ. ಹೆಂಡತಿ ಸತ್ತಿದ್ದಾಳೆ; ಗುಮಾಸ್ತ ಮಾತಾಡುತ್ತಿರುವುದು ಖಾಲಿ ಮನೆಯ ಜೊತೆ; ಗಾಳಿ ಎಂದರೆ ಉಸಿರು; ಉಸಿರು ನಿಂತಿದೆ. ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಇದನ್ನೇ ಪಾಠ ಹೇಳಿದ್ದ. ಎಷ್ಟು ಸಾವಿರ ಹುಡುಗ ಹುಡುಗಿಯರು ಪರೀಕ್ಷೆಯಲ್ಲಿ ಆ ಹೆಂಗಸನ್ನು ಕೊಂದಿದ್ದರೋ! ಕೊಂದವರಿಗೆ ಹತ್ತಕ್ಕೆ ಎಂಟು. ಕೊಲ್ಲದವರಿಗೆ ನಾಲ್ಕು.

ಇವತ್ತಿನ ಸಂತೋಷಕ್ಕೆ ಇನ್ನೊಂದು ಕಾರಣವಿತ್ತು. ಎದುರುಗಡೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವನ ಹೆಂಡತಿ ಕೂತಿದ್ದಳು.

ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಇಷ್ಟು ವರ್ಷ ಭಾನುವಾರವೂ ಡ್ಯೂಟಿ ಇರುತ್ತಿತ್ತು. ಈ ತಿಂಗಳಿಂದ ಪಾಳಿ ಬದಲಾಗಿತ್ತು. ಅವನು ಬೂಟಿನ ಲೇಸು ಕಟ್ಟುತ್ತಿದ್ದಾಗ ಹಿಂದಿನಿಂದ ಬಂದು, “ನಾನೂ ಬರ್ಲಾ?” ಎಂದಿದ್ದಳು.

“ನಿನಗೆ ಬೇಜಾರಾಗುತ್ತೆ.”

“ಆದ್ರೆ ಆಗ್ಲಿ ಬಿಡಿ.”

ದಾರಿಯುದ್ದಕ್ಕೂ ಅವನು ಒಳಗೊಳಗೇ ಹಿಗ್ಗಿದ್ದ. ಜನ ತನ್ನ ಮಾತನ್ನು ಹೇಗೆ ಕಿವಿಗೊಟ್ಟು ಕೇಳುತ್ತಾರೆ ಎಂಬುದನ್ನು ಅವಳು ಒಮ್ಮೆ ಕಣ್ಣಾರೆ ನೋಡಲಿ. ಮನೆಯಲ್ಲೂ ಅವಳು ಕೇಳುತ್ತಿದ್ದಳು, ಇಲ್ಲವೆಂದಲ್ಲ. ಆದರೆ ಮನೆಯಲ್ಲಿ ಕೇಳುವುದೇ ಬೇರೆ.

“ಬೇರೆಯವರು ಏನಂತೀರ?” ಎಂದಳು ಗ್ರಂಥಪಾಲಕಿ. ಕೂಟ ನಡೆಸುವವಳು ಅವಳೇ.

“ನನಗೇನೋ ಆಯಮ್ಮ ಕಿವುಡಿ ಅನ್ಸುತ್ತಪ್ಪ,” ಎಂದ ಟೈಲರ್. ಗ್ರಂಥಾಲಯದ ಕೆಳಗೇ ಅವನ ಅಂಗಡಿ. ಭಾನುವಾರ ಬಾಗಿಲು ಹಾಕಿ ಮೇಲೆ ಬರುತ್ತಿದ್ದ. ಎಲ್ಲರೂ ನಕ್ಕರು. ಅಧ್ಯಾಪಕನೂ ನಕ್ಕ. ಅಜ್ಞಾನಕ್ಕೂ ಒಂದು ಜಾಗವಿರಬೇಕು ಎಂಬುದು ಅವನ ನಂಬಿಕೆ. ಇನ್ನೇನು ಗಂಟಲು ಸರಿಮಾಡಿಕೊಂಡು ಶುರುಮಾಡಬೇಕು, ಅಷ್ಟರಲ್ಲಿ:

“ಬದುಕಿದಾಳೆ.”

ಯಾರು ಹೇಳಿದ್ದು ಎಂದು ಅವನು ಸುತ್ತ ನೋಡಿದ. ಉಳಿದವರೆಲ್ಲ ಆಗಲೇ ಅವನ ಹೆಂಡತಿಯನ್ನು ನೋಡುತ್ತಿದ್ದರು.

“ಎರಡನೇ ಪುಟ ತೆಗೀರಿ,” ಎಂದಳು ಅವಳು. ದನಿ ಏರಲಿಲ್ಲ, ಇಳಿಯಲಿಲ್ಲ. ಲ್ಯಾಬಿನಿಂದ ಯಾರಿಗೋ ಫೋನಿನಲ್ಲಿ ರಿಪೋರ್ಟ್ ಓದಿ ಹೇಳುವಾಗಿನ ದನಿ. “ಮೊದಲನೇ ದಿನ ಅಂಗಿ ಬಿಚ್ಚೋವಾಗ ಒಂದು ಗುಂಡಿ ಕಿತ್ತು ಕೈಗೆ ಬರುತ್ತೆ. ಮೇಜಿನ ಮೇಲಿಟ್ಟು ಮಲಗ್ತಾನೆ. ಈಗ ಮೂರನೇ ಪುಟ. ಮರುದಿನ ಬೆಳಿಗ್ಗೆ. ‘ಅದೇ ಅಂಗಿ ತೊಟ್ಟು ಐದೂ ಗುಂಡಿ ಹಾಕಿಕೊಂಡ’ ಅಂತಿದೆ. ಹೊಲಿದವರು ಯಾರು?”

ಹಾಳೆ ಮಗುಚುವ ಸದ್ದು. ಹದಿಮೂರು ತಲೆ ಬಾಗಿದವು. ಪ್ರತಿ ತಾರದ ಅಧ್ಯಾಪಕ ಎಲ್ಲಿ ನೋಡಬೇಕೆಂದು ತೋಚದೆ ಎದುರುಗೋಡೆಯ ಗಡಿಯಾರ ನೋಡಿದ. ಕಥೆಯ ಸಾಲು ಮನಸ್ಸಿನಲ್ಲಿ ತಾನಾಗಿ ಓಡಿತು. ಅದೇ ಅಂಗಿ ತೊಟ್ಟು ಐದೂ ಗುಂಡಿ. ಇತ್ತು. ಇಪ್ಪತ್ತೆರಡು ವರ್ಷ ಆ ಸಾಲನ್ನು ಗಟ್ಟಿಯಾಗಿ ಓದಿದ್ದ, ಒಮ್ಮೆಯೂ ನೋಡಿರಲಿಲ್ಲ.

“ಹೌದಲ್ರೀ!” ಟೈಲರ್ ತೊಡೆ ತಟ್ಟಿಕೊಂಡ. “ಗುಂಡಿ ತಾನಾಗೇ ಹೊಲ್ಕೊಳ್ಳುತ್ತಾ? ನಲವತ್ತು ವರ್ಷದಿಂದ ಕಾಯ್ತಾ ಇದೀನಿ, ಒಂದೂ ಹೊಲ್ಕೊಂಡಿಲ್ಲ.”

“ಅವನೇ ಹೊಲ್ಕೊಂಡಿರಬಹುದು,” ಎಂದರು ಡಾಕ್ಟರು.

“ಹೊಲ್ಕೊಂಡಿದ್ರೆ ಸಂಜೆ ಹೇಳ್ತಿದ್ದ,” ಎಂದಳು ಹೆಂಡತಿ. “ಪೆನ್ಸಿಲ್ ಕೆತ್ತಿದ್ದು ಹೇಳೋನು, ಸೂಜಿಗೆ ದಾರ ಪೋಣಿಸಿದ್ದು ಬಿಡ್ತಾನಾ?”

ಈ ಸಲದ ನಗು ಬೇರೆ ಥರದ್ದು. ಅದರಲ್ಲಿ ಡಾಕ್ಟರೂ ಸೇರಿಕೊಂಡರು.

ಎಲ್ಲರೂ ಈಗ ಅಧ್ಯಾಪಕನ ಕಡೆ ತಿರುಗಿದರು. ತಜ್ಞರ ಕಡೆ ತಿರುಗುವ ಹಾಗೆಯೇ, ಮರ್ಯಾದೆಯಿಂದ.

“ಅದು ಲೇಖಕನ ಮರೆವು ಇರಬಹುದು,” ಎಂದ. “ದೊಡ್ಡವರೂ ಮರೀತಾರೆ.”

“ಆದ್ರೆ ಸರ್,” ಗ್ರಂಥಪಾಲಕಿ ಮಡಿಲಲ್ಲಿದ್ದ ಅವನದೇ ಪುಸ್ತಕ ಬಿಡಿಸಿದಳು. ಪಾಪ, ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. “‘ಈ ಕಥೆಯಲ್ಲಿ ಒಂದಕ್ಷರವೂ ಆಕಸ್ಮಿಕವಲ್ಲ’ ಅಂತ ನೀವೇ ಬರೆದಿದೀರಲ್ಲ. ಮೊದಲನೇ ಅಧ್ಯಾಯ, ಮೊದಲನೇ ವಾಕ್ಯ.”

ಬರೆದಿದ್ದ. ಆ ವಾಕ್ಯ ಹೊಳೆದ ಸಂಜೆ ಎಷ್ಟು ಚಂದವಿತ್ತು ಎಂಬುದೂ ನೆನಪಿತ್ತು.

“ಬದುಕಿದ್ರೆ ಯಾಕಮ್ಮ ಮಾತಾಡಲ್ಲ ಹಾಗಾದ್ರೆ?” ಡಾಕ್ಟರು ಪಟ್ಟು ಬಿಡಲಿಲ್ಲ. “ಸಿಟ್ಟಾ?”

“ಸಿಟ್ಟಿದ್ರೆ ಗುಂಡಿ ಹೊಲೀತಿದ್ಲಾ?”

“ದುಃಖ?”

“ಹಾಗಂತ ಎಲ್ಲೂ ಬರೆದಿಲ್ಲ.” ಅವಳು ಹಾಳೆಗಳನ್ನು ಜೋಡಿಸಿ ತೊಡೆಯ ಮೇಲೆ ಕುಟ್ಟಿ ಸಮ ಮಾಡಿದಳು. “ನಮ್ಮ ಕೆಲಸದಲ್ಲಿ ಕಂಡದ್ದು ಬರೀತೀವಿ, ಕಾಣದ್ದು ಬರೆಯೋ ಹಾಗಿಲ್ಲ. ನನಗೆ ಕಂಡದ್ದು ಇಷ್ಟು. ಅವನು ಹೇಳ್ತಾನೆ. ಅವಳು ತನ್ನ ಪಾಡಿಗೆ ಆರಾಮಾಗಿದಾಳೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡ್ಬೇಕು ಅಂತ ಇದೆಯಾ? ನನಗೇನೋ ಇದು ದುಃಖದ ಕಥೆ ಅನ್ನಿಸಲೇ ಇಲ್ಲ. ಓದಿದಾಗೆಲ್ಲ ಸಮಾಧಾನ ಆಗುತ್ತೆ.”

ಓದಿದಾಗೆಲ್ಲ! ಎಷ್ಟು ಸಲ ಓದಿದ್ದಾಳೆ ಹಾಗಾದರೆ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಧ್ಯಾಪಕನ ಕೈ ತಾನಾಗಿ ಅಂಗಿಯ ಮೇಲೆ ಹರಿದಾಡಿತು. ಗುಂಡಿಗಳೆಲ್ಲ ಇದ್ದವು. ಗಟ್ಟಿಯಾಗಿದ್ದವು.

ಸಭೆ ಮುಗಿಸುವ ಮಾತು ಅವನದೇ ಆಗಬೇಕಿತ್ತು, ಅವನೇ ಆಡಿದ. ಒಳ್ಳೆಯ ಕಥೆ ಹಲವು ಬಾಗಿಲಿನ ಮನೆ ಎಂದ. ಯಾರು ಯಾವ ಬಾಗಿಲಿಂದ ಬಂದರೂ ಸ್ವಾಗತವೇ ಎಂದ. ಆ ಮಾತನ್ನು ಎಷ್ಟು ಸಭೆಗಳಲ್ಲಿ ಆಡಿದ್ದನೆಂದರೆ, ಆಡುವಾಗ ಬೇರೆ ಯೋಚನೆ ಮಾಡಲು ಬೇಕಾದಷ್ಟು ಬಿಡುವು ಸಿಗುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಕಾಫಿ ಲೋಟ ಹಿಡಿದು ಕಿಟಕಿಯ ಪಕ್ಕದ ಕುರ್ಚಿಯ ಸುತ್ತ ಸೇರಿದರು. ಟೈಲರ್ ಅವಳಿಗೆ ಏನೋ ಹೇಳಿದ. ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು. ಅವಳು ಹಾಗೆ ನಗುತ್ತಾಳೆ ಎಂಬುದನ್ನು ಅವನು ಕೋಣೆಯ ಈ ತುದಿಯಿಂದ ನೋಡಿದ. ಅವನಿಗೂ ಸ್ವಲ್ಪ ನಗು ಬಂತು.

ಹೊರಗೆ ಹಿತವಾದ ಇಳಿಬಿಸಿಲಿತ್ತು. ರಜಾದಿನದ ಬೀದಿ, ಅರ್ಧ ಅಂಗಡಿಗಳು ಮುಚ್ಚಿದ್ದವು. ಇಬ್ಬರೂ ನಡೆದೇ ಹೊರಟರು. ಅವಳ ನಡಿಗೆಯಲ್ಲಿ ಲವಲವಿಕೆಯಿತ್ತು.

“ಯಾವಾಗ ಓದಿದ್ದು ನೀನು?” ಎಂದ, ಹೇಗೋ ಬಂದ ಮಾತಿನ ಹಾಗೆ.

“ಮದುವೆ ಆದ ವರ್ಷ. ನೀವೇ ಕೊಟ್ಟಿದ್ರಲ್ಲ.”

“ಗುಂಡಿ ಆಗಲೇ ಗೊತ್ತಾಯ್ತಾ?”

“ಹೂಂ.”

“ನನಗ್ಯಾಕೆ ಹೇಳ್ಲಿಲ್ಲ?”

“ನೀವು ಪುಸ್ತಕ ಬರೀತಾ ಇದ್ರಿ.”

ಮುಚ್ಚಿದ ಗಾಜಿನಂಗಡಿಯೊಂದರ ಮುಂದೆ ಹಾದುಹೋದರು. ಗಾಜಿನಲ್ಲಿ ಇಬ್ಬರೂ ಚೆನ್ನಾಗಿಯೇ ಕಂಡರು. ವಯಸ್ಸಿಗೆ ತಕ್ಕ ಜೋಡಿ.

“ಒಂದೊಂದು ಅಧ್ಯಾಯ ಮುಗಿದಾಗಲೂ ನಿನಗೆ ಓದಿ ಹೇಳ್ತಿದ್ದೆ,” ಎಂದ.

“ಹೌದು.”

“ಹೇಗಿದೆ ಅಂತ ಕೇಳ್ತಿದ್ದೆ.”

“ಕೇಳ್ತಿದ್ರಿ.”

“ಆಗ ನೀನೇನಂದೆ?”

ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದಳು. ಹುಬ್ಬು ಗಂಟಿಕ್ಕಿ ನಾಲ್ಕು ಹೆಜ್ಜೆ ನಡೆದಳು. “ಊಟಕ್ಕೇಳಿ ಅಂದೆ ಅನ್ಸುತ್ತೆ.”

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ತಮಾಷೆ ಮಾಡುತ್ತಿದ್ದಾಳೆಯೇ ಎಂದು ಮುಖ ನೋಡಿದ. ಮುಖದಲ್ಲಿ ಏನೂ ಬಚ್ಚಿಟ್ಟಿರಲಿಲ್ಲ. ಅವನ ವೃತ್ತಿಯೇ ಬಚ್ಚಿಟ್ಟದ್ದನ್ನು ಹುಡುಕುವುದು. ಬಚ್ಚಿಡದ ಮುಖವನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ತಾನು ಸುಮ್ಮನಾದರೆ ಅವಳು ಮಾತಾಡಬಹುದು ಎಂದು ಕಾದ. ಒಂದು ಬೀದಿ ಮುಗಿಯಿತು, ಇನ್ನೊಂದು ಶುರುವಾಯಿತು. ಅವಳು ಮಹಡಿಗಳ ಮೇಲಿನ ಹೂಕುಂಡ ನೋಡುತ್ತ, ಬಟ್ಟೆ ಒಣಗಿಸುತ್ತಿದ್ದ ಮುದುಕನೊಬ್ಬನನ್ನು ನೋಡುತ್ತ, ಬಾಯಿಯೊಳಗೇ ಏನೋ ಗುನುಗುತ್ತ ಬಂದಳು. ಅವನು ಸುಮ್ಮನಾದದ್ದು ಅವಳ ಗಮನಕ್ಕೆ ಬಂದಂತಿರಲಿಲ್ಲ. ಬಂದಿದ್ದರೆ, ಮೆಚ್ಚಿಗೆಯಾದಂತಿತ್ತು.

ತಾನೇ ಸೋತ. “ನಿನ್ನೆ ಲ್ಯಾಬಲ್ಲಿ ಏನಾಯ್ತು?”

ದಾರಿ ಕೇಳಿದ ಅಪರಿಚಿತನನ್ನು ನೋಡುವ ಹಾಗೆ ಅವಳು ಅವನನ್ನು ನೋಡಿದಳು. “ಏನಾಗುತ್ತೆ? ರಕ್ತ ಬಂತು, ನೋಡಿದ್ವಿ.”

“ಅಲ್ಲ, ಬೇರೆ ಏನಾದ್ರೂ?”

“ಒಬ್ಬಳು ಹೊಸಬಳು ಸೇರಿದಾಳೆ. ಚುರುಕಾಗಿದಾಳೆ. ಯಾಕ್ರೀ?”

“ಸುಮ್ನೆ.”

ಮದುವೆಯಾಗಿ ಇಪ್ಪತ್ಮೂರು ವರ್ಷ. ಮನೆಯಲ್ಲಿ ಜಗಳವೆಂದರೆ ಏನೆಂದು ಗೊತ್ತಿರಲಿಲ್ಲ. ಹೊರ ಊರಲ್ಲಿ ಓದುತ್ತಿದ್ದ ಮಗಳು ಫೋನ್ ಮಾಡಿದಾಗಲೆಲ್ಲ, ನಿಮ್ಮಿಬ್ಬರನ್ನ ನೋಡಿ ಕಲೀಬೇಕು ಅನ್ನುತ್ತಿದ್ದಳು. ಹೊತ್ತಿಗೆ ಸರಿಯಾಗಿ ಊಟ, ಇಸ್ತ್ರಿ ಮಾಡಿದ ಅಂಗಿ, ಕೇಳಲು ಎರಡು ಕಿವಿ. ಒಬ್ಬ ಗಂಡಸಿಗೆ ಇನ್ನೇನು ಬೇಕು? ಅವನು ಸುಖವಾಗಿದ್ದ. ಈ ಗಳಿಗೆಯಲ್ಲೂ, ಲೆಕ್ಕ ಹಾಕಿ ನೋಡಿದರೆ, ಸುಖವಾಗಿಯೇ ಇದ್ದ.

“ಒಂದು ಮಾತು ಕೇಳ್ಲಾ?” ಎಂದ.

“ಕೇಳಿ.”

“ನೀನು ಸುಖವಾಗಿದೀಯಾ?”

“ಹೂಂ.” ತಡಮಾಡದೆ ಬಂತು ಉತ್ತರ. “ಚೆನ್ನಾಗಿದೀನಲ್ಲ. ಯಾಕೆ, ಹಾಗ್ ಕಾಣ್ಸಲ್ವಾ?”

ಕಾಣಿಸುತ್ತಿತ್ತು. ಅದೇ ತೊಂದರೆಯಾಗಿತ್ತು. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ರೇಗಿದ್ದರೆ ವಾದಿಸಬಹುದಿತ್ತು. ಕಣ್ಣೀರಿಗೊಂದು, ಸಿಟ್ಟಿಗೊಂದು ಅಧ್ಯಾಯ ಅವನ ತಲೆಯಲ್ಲಿ ಸದಾ ಸಿದ್ಧ. ಆದರೆ ಇಪ್ಪತ್ಮೂರು ವರ್ಷ ಪಕ್ಕದ ಕೋಣೆಯಲ್ಲಿ ಒಬ್ಬಳು ಹೆಂಗಸು, ಅವನ ಮಾತಿನ ಹಂಗಿಲ್ಲದೆ, ಅವನ ಮೇಲೆ ಕೋಪವೂ ಇಲ್ಲದೆ, ತನ್ನದೇ ಒಂದು ಸುಖ ಕಟ್ಟಿಕೊಂಡಿದ್ದಾಳೆ. ಅದರ ಯಾವ ಗೋಡೆಗೂ ಅವನ ಕೈ ತಾಗಿಲ್ಲ. ತಾನು ನಾಳೆ ಇಲ್ಲವಾದರೆ ಆ ಮನೆಯ ಒಂದು ಇಟ್ಟಿಗೆಯಾದರೂ ಅಲುಗೀತೇ? ಕೇಳಬಹುದಿತ್ತು. ಅವಳು ಯೋಚಿಸಿ, ಕಂಡದ್ದನ್ನು ಹೇಳಿಬಿಡುತ್ತಿದ್ದಳು. ಅದಕ್ಕೇ ಕೇಳಲಿಲ್ಲ.

“ಮುಂದಿನ ತಿಂಗಳೂ ಬರ್ತೀನಿ,” ಎಂದಳು ಅವಳು. “ಚೆನ್ನಾಗಿತ್ತು.”

“ಬಾ,” ಎಂದ.

ದೊಡ್ಡ ರಸ್ತೆಗೆ ಬರುವಾಗ ಸಂಜೆಯಾಗಿತ್ತು. ಬೀದಿದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ದಾಟುವ ಜಾಗದಲ್ಲಿ ಜನ ಗುಂಪಾಗಿ ನಿಂತಿದ್ದರು. ಹಸಿರು ದೀಪ ಬಂತು; ಗುಂಪು ಹೊರಟಿತು, ಅದರೊಳಗೆ ಅವಳೂ. ಅವನು ಏನನ್ನೋ ಯೋಚಿಸುತ್ತ ಒಂದು ಹೆಜ್ಜೆ ಹಿಂದೆ ಬಿದ್ದ. ಆ ಒಂದು ಹೆಜ್ಜೆಯಲ್ಲಿ ದೀಪ ಕೆಂಪಾಯಿತು. ವಾಹನಗಳು ನುಗ್ಗಿದವು.

ಅವಳು ಆಚೆ ದಡ ಸೇರಿದಳು. ಅವನು ಪಕ್ಕದಲ್ಲಿಲ್ಲ ಎಂಬುದು ತಿಳಿಯದೆ, ಅದೇ ನಡಿಗೆಯಲ್ಲಿ ಮುಂದೆ ಹೋಗುತ್ತಿದ್ದಳು.

“ಇವಳೇ!” ಎಂದು ಕೂಗಿದ.

ಮನೆಯಲ್ಲಿ ಹಾಗೆಯೇ ಕರೆಯುತ್ತಿದ್ದುದು. ಮನೆಯಲ್ಲಿ ಒಬ್ಬಳೇ ಇದ್ದಳು, ಸಾಕಾಗುತ್ತಿತ್ತು. ಆಚೆ ದಡದಲ್ಲಿ ಮೂರು ನಾಲ್ಕು ಹೆಂಗಸರು ತಿರುಗಿ ನೋಡಿದರು. ಒಬ್ಬಳ ಕೈಯಲ್ಲಿ ತರಕಾರಿ ಚೀಲವಿತ್ತು. ಒಬ್ಬಳು, ನನ್ನನ್ನಾ ಎಂದು ಎದೆ ಮುಟ್ಟಿಕೊಂಡು ಕೇಳಿದಳು. ಅಲ್ಲ ಎಂದು ಅವನು ತಲೆಯಾಡಿಸಿದ. ಅವರ ನಡುವೆ ಎಲ್ಲೋ ಅವನವಳ ಬೆನ್ನಿತ್ತು. ಯಾವ ಬೆನ್ನು ಎಂದು ಹೇಳುವುದು ಆಗಲೇ ಕಷ್ಟವಾಗಿತ್ತು. ಹೆಸರು ಹಿಡಿದು ಕೂಗೋಣವೆಂದುಕೊಂಡ. ನಾಲಿಗೆಗೆ ಆ ಹೆಸರು ಗೊತ್ತಿತ್ತು. ಅದನ್ನು ಎಷ್ಟು ಗಟ್ಟಿಯಾಗಿ ಕೂಗಬೇಕೆಂಬುದು ಗೊತ್ತಿರಲಿಲ್ಲ. ಕೊನೆಗೆ ಬಲಗೈಯನ್ನು ಆದಷ್ಟು ಎತ್ತರಕ್ಕೆ ಎತ್ತಿದ.

ಒಂದು ಬಸ್ಸು ಬಂದು ಅವನ ಮುಂದೆ ನಿಂತಿತು.

ಉಸ್ಸೆಂದು ಬಾಗಿಲು ತೆರೆಯಿತು. ಚಾಲಕ ಕತ್ತು ಬಾಗಿಸಿ, “ಹತ್ತೀರಾ?” ಎಂದ.

ಆಚೆ ದಡ ಬಸ್ಸಿನ ಹಿಂದೆ ಮುಚ್ಚಿಹೋಗಿತ್ತು. ಕಿಟಕಿಗೊಬ್ಬರಂತೆ ಕೂತಿದ್ದ ಐದಾರು ಜನ, ಯಾವ ಆತುರವೂ ಇಲ್ಲದೆ, ಒಟ್ಟಿಗೇ ಅವನ ಕಡೆ ಮುಖ ತಿರುಗಿಸಿದರು.

“ಕೈ ತೋರಿಸಿದ್ರಲ್ಲ ಸ್ವಾಮಿ. ಹತ್ತೋದಾದ್ರೆ ಹತ್ತಿ.”

ಅವನು ಎತ್ತಿದ ಕೈ ಎತ್ತಿದ ಹಾಗೆಯೇ ಬಾಗಿಲ ಮುಂದೆ ನಿಂತಿದ್ದ. ಒಳಗೆ ಚೆನ್ನಾಗಿ ಬೆಳಕಿತ್ತು. ಕೂರಲು ಬೇಕಾದಷ್ಟು ಜಾಗವೂ ಇತ್ತು.